ಹೊಗೆಗೊಂದು ದಾರಿ, ಜನರಿಗೊಂದು ದಾರಿ

ಮುಂಡಗೋಡ ತಾಲೂಕಿನ ಇಂದೂರದಂಥ ಊರುಗಳ ಹಳೆಯ ಹಂಚಿನ ಮನೆಗಳಲ್ಲಿ ಒಲೆಯ ಹೊಗೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹಂಚಿನ ಸಂದಿಯಲ್ಲಿ ನುಸುಳಿ ಹೊರಬೀಳುತ್ತದೆ. ಅವಘಡವಾದರೂ ಹಿತ್ತಿಲ ಬಾಗಿಲು ಹತ್ತೇ ಹೆಜ್ಜೆ. ಅಂಥ ಮನೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗ ಹನ್ನೆರಡನೇ ಮಹಡಿಯಲ್ಲಿ ಕೂರುತ್ತಾನೆ. ಅಲ್ಲಿ ಹೊಗೆ ಎಲ್ಲಿ ಹೋಗಬೇಕು, ಅವನು ಎಲ್ಲಿ ಓಡಬೇಕು ಎಂಬುದನ್ನು ನಕ್ಷೆ ಬರೆದವರೇ ಯೋಚಿಸಿರಬೇಕು.

1973ರಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡ ಎದ್ದಾಗ ಬೆಂಗಳೂರಿಗೆ ಎತ್ತರವೆಂದರೆ ಬೆರಗು. ಈಗ ಆ ಬೆರಗಿಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಸತ್ತರು. ಉಸಿರುಗಟ್ಟಿ ದಿಕ್ಕೆಟ್ಟ ಕೆಲವರು ಮೇಲಿನಿಂದ ಜಿಗಿದಿದ್ದರು. ಗಮನಿಸಿ, ಅದು ಗಗನಚುಂಬಿಯೇನಲ್ಲ. ಜನರನ್ನು ಕಾಡಿದ್ದು ಎತ್ತರಕ್ಕಿಂತ ಹೆಚ್ಚಾಗಿ ಹೊಗೆ.

ಇದರ ಮರ್ಮ ಸರಳ. ಬಿಸಿಗಾಳಿ ಹಗುರ, ಮೇಲಕ್ಕೇರುತ್ತದೆ. ವಿದ್ಯುತ್ ತಂತಿ, ನೀರಿನ ಪೈಪು ಹಾಯಲು ನೆಲದಿಂದ ತಾರಸಿವರೆಗೆ ಬಿಟ್ಟ ಕೊಳವೆಯಂಥ ಜಾಗಗಳು, ಲಿಫ್ಟಿನ ಬಾವಿ, ಬಾಗಿಲಿಲ್ಲದ ಮೆಟ್ಟಿಲು, ಇವೆಲ್ಲ ಆಗ ಚಿಮಣಿಗಳಾಗುತ್ತವೆ. ಕೆಳಗೆ ಹೊತ್ತಿದ್ದು ಮೇಲಿನವರ ಉಸಿರು ಕಟ್ಟುತ್ತದೆ. ಹೊರಗೋಡೆಗೆ ತೆರೆಯಲಾಗದ ಗಾಜು ಹೊದಿಸಿದ್ದರಂತೂ ಮುಗಿಯಿತು. ನಮ್ಮ ಬಿಸಿಲಿಗೆ ಗಾಜಿನ ಗೋಡೆ ಯಾರ ಸಲಹೆಯೋ!

ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ನಲ್ಲಿದ್ದುದು ಒಂದೇ ಮೆಟ್ಟಿಲು. 2017ರ ಜೂನ್‌ನಲ್ಲಿ ಹೊರಗೋಡೆಯ ಹೊದಿಕೆಗೆ ಬೆಂಕಿ ಹತ್ತಿ ಅಲ್ಲಿ 72 ಜನ ತೀರಿಕೊಂಡರು. 18 ಮೀಟರ್‌ ಮೀರಿದ ಹೊಸ ವಸತಿ ಕಟ್ಟಡಗಳಿಗೆ ಎರಡನೇ ಮೆಟ್ಟಿಲು ಬೇಕೆಂದು 2023ರಲ್ಲಿ ಅಲ್ಲಿನ ಸರ್ಕಾರ ಹೇಳಿತು.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಎತ್ತರದಿಂದಲೇ ಬಹುಮಹಡಿ ಎಂದು ಎಣಿಸುತ್ತದೆ. ಇನ್ನೂ ಎತ್ತರದವಕ್ಕೆ, ಕೆಳಗಿಳಿಯಲಾಗದವರು ನಿಲ್ಲಲು ಗಾಳಿಗೆ ತೆರೆದ ಆಸರೆಯ ಜಾಗ ಬೇಕೆನ್ನುತ್ತದೆ. ಮುದುಕರಿಗೆ, ಬಸುರಿಯರಿಗೆ ಅದೇ ಜೀವದಾನ. ಮೆಟ್ಟಿಲಿಗೆ ಬೆಂಕಿ ತಡೆಯುವ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲೂ ಬೇಕು. ಕಾಗದದಲ್ಲಿ ಇವೆಲ್ಲ ಇರುತ್ತವೆ. ಆಮೇಲೆ ಆಸರೆಯ ಜಾಗಕ್ಕೆ ಹಳೆ ಸೋಫಾ ಬರುತ್ತದೆ. ಗಾಳಿಯಾಡಲಿ ಎಂದು ಮೆಟ್ಟಿಲ ಬಾಗಿಲಿಗೆ ಯಾರೋ ಹೂಕುಂಡ ಒತ್ತಿಡುತ್ತಾರೆ. ಹಾಗೆ ತೆರೆದು ನಿಂತ ಬಾಗಿಲಿನಿಂದ ಮೊದಲು ಒಳಬರುವುದು ಹೊಗೆ.