ಬಸ್ಸಿನಲ್ಲಿ ರಷ್ಯನ್ ಮಾತು

ಪಿಯುಸಿ ಮುಗಿಸಿ ರಷ್ಯಾದಲ್ಲಿ ವೈದ್ಯಕೀಯ ಓದುವುದು ನನ್ನ ಆಸೆ. ಕಜಾನ್‌ನಲ್ಲಿ ಓದುತ್ತಿರುವ ದೊಡ್ಡಪ್ಪನ ಮಗ ರಜೆಗೆ ಬಂದಾಗ, ‘ಪಾಠವೇನೋ ಇಂಗ್ಲಿಷ್‌ನಲ್ಲಿ ನಡೆಯುತ್ತೆ, ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಇಂಗ್ಲಿಷ್ ಬರಲ್ಲ’ ಎಂದರು.

ರಷ್ಯನ್ನಿನ 33 ಅಕ್ಷರಗಳನ್ನು ನಾನು ಆಗಲೇ ಕಲಿತಿದ್ದೆ. ಆದರೂ ಬಾಯಿ ತೆರೆದರೆ ತಪ್ಪು. ‘ನೋಯುತ್ತದೆ’ ಎಂಬುದಕ್ಕೆ ‘ಬೊಲಿತ್’ ಎಂದು ಬರೆದು ‘ಬಲೀತ್’ ಎನ್ನುತ್ತಾರೆ. ಒತ್ತು ಬೀಳದ ‘ಒ’ ಮಾತಿನಲ್ಲಿ ‘ಅ’ ಆಗುತ್ತದೆ. ಇದು ಕೇಳಿ, ಆಡಿಯೇ ಬರಬೇಕು. ಹಾಗಾಗಿ ರಜೆ ಮುಗಿಯುವವರೆಗೆ ಮುಳಬಾಗಿಲು–ಕೋಲಾರ ಬಸ್ಸಿನಲ್ಲಿ ಭಾಯಿಜಾನ್ ರೋಗಿ, ನಾನು ಡಾಕ್ಟರ್. ‘ಗ್ದ್ಯೆ ಬಲೀತ್?’ ಅಂದರೆ ‘ಎಲ್ಲಿ ನೋವು?’ ಅವರು ಹೊಟ್ಟೆ ಹಿಡಿದು ‘ಜಿವೋತ್’ ಎನ್ನುತ್ತಿದ್ದರು. ಒಮ್ಮೆ ಪಕ್ಕದ ಸೀಟಿನ ಅಮ್ಮ ನಿಜವೆಂದುಕೊಂಡು ನಿಂಬೆಹಣ್ಣು ಕೊಟ್ಟರು!

ನಮಗೆ ಅನುಕೂಲಗಳೂ ಇವೆ. ‘ಇದು ಪುಸ್ತಕ’ ಎನ್ನಲು ಕನ್ನಡಕ್ಕೆ ಕ್ರಿಯಾಪದ ಬೇಡ. ರಷ್ಯನ್ನಿಗೂ ಬೇಡ, ‘ಎತ ಕ್ನೀಗ’ ಸಾಕು. ಹಿರಿಯರಿಗೆ ‘ವಿ’, ಗೆಳೆಯರಿಗೆ ‘ತಿ’. ನಮ್ಮ ನೀವು, ನೀನು ಇದ್ದಂತೆ. ಮನೆಯ ಉರ್ದುವಿನ ಚಾಯ್ ಅಲ್ಲಿಯೂ ಚಾಯ್.

ಭಾಯಿಜಾನ್ ವಾಪಸ್ ಹೋದರು. ಒಬ್ಬನೇ ಮಾತಾಡಿದರೆ ನಾಲಿಗೆ ಪಳಗುತ್ತಿಲ್ಲ. ಮಾಲೂರು, ಶ್ರೀನಿವಾಸಪುರದ ಗೆಳೆಯರೇ, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕೊಡಿ. ರೋಗಿಯ ಪಾತ್ರ ಖಾಲಿ ಇದೆ.