ಸೋತವನಿಗೆ ಸೀಟಿ ಹೊಡೆಸುವ ಕಸುಬು

‘ರಾಕಿ’ ಸಿನಿಮಾದ ಕೊನೆಯ ಪಂದ್ಯದಲ್ಲಿ ಗೆದ್ದವರು ಯಾರು ಎಂದು ಸಿನಿಮಾ ನೋಡಿದವರನ್ನೇ ಒಮ್ಮೆ ಕೇಳಿ. ಎಷ್ಟೋ ಜನ ಹಿಂದೆ ಮುಂದೆ ನೋಡದೆ ‘ಇನ್ಯಾರು, ರಾಕಿ’ ಎನ್ನುತ್ತಾರೆ. (ನಮ್ಮಲ್ಲಿ ರಾಕಿ ಎಂದರೆ ಈಗ ಕೆಜಿಎಫ್‌ನ ಭಾಯ್ ಎದುರಿಗೆ ಬಂದು ನಿಲ್ಲುತ್ತಾನೆ. ಇಲ್ಲಿ ಹೇಳುತ್ತಿರುವುದು 1976ರ ಹಾಲಿವುಡ್ ಚಿತ್ರದ, ಫಿಲಡೆಲ್ಫಿಯಾ ಊರಿನ ರಾಕಿ ಬಾಲ್ಬೋವಾನ ವಿಷಯ.) ನಿಜವಾಗಿ ಗೆದ್ದವನು ಚಾಂಪಿಯನ್ ಅಪೋಲೊ ಕ್ರೀಡ್. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವನ ಕಡೆ.

ತಪ್ಪು ನೋಡಿದವರ ನೆನಪಿನದಲ್ಲ. ತೀರ್ಪು ಓದುವ ಹೊತ್ತಿಗೆ ಸರಿಯಾಗಿ ಸಿನಿಮಾವೇ ಅದನ್ನು ಮುಚ್ಚಿಹಾಕುತ್ತದೆ. ಮೈಕಿನಲ್ಲಿ ಅಂಕ ಓದುತ್ತಿರುವ ದನಿಯ ಮೇಲೆ ಬಿಲ್ ಕಾಂಟಿಯ ಸಂಗೀತ ಏರುತ್ತದೆ. ಅದಕ್ಕೂ ಮೇಲೆ, ಕಣ್ಣು ಬಾತು ಮುಚ್ಚಿಹೋದ ರಾಕಿ ತನ್ನ ಪ್ರೇಯಸಿಯ ಹೆಸರು ಹಿಡಿದು ‘ಏಡ್ರಿಯನ್’ ಎಂದು ಅರಚುತ್ತಿದ್ದಾನೆ. ಅವಳು ಜನರನ್ನು ತಳ್ಳಿಕೊಂಡು ಬರುತ್ತಾಳೆ. ರಿಂಗ್ ತಲುಪುವಷ್ಟರಲ್ಲಿ ತಲೆಯ ಮೇಲಿದ್ದ ಟೋಪಿ ಎಲ್ಲೋ ಬಿದ್ದುಹೋಗಿರುತ್ತದೆ. ಇಡೀ ಪಂದ್ಯದ ಫಲಿತಾಂಶ ಹೊರಬೀಳುತ್ತಿರುವಾಗ ಆ ಮನುಷ್ಯ ಅವಳ ಟೋಪಿ ಎಲ್ಲಿ ಎಂದು ವಿಚಾರಿಸುತ್ತಾನೆ. ನಾವು ನೋಡುತ್ತಿರುವುದು ಅವರಿಬ್ಬರನ್ನು; ತೀರ್ಪು ಹಿನ್ನೆಲೆಯ ಗದ್ದಲದಲ್ಲಿ ಕರಗಿಹೋಗುತ್ತದೆ.

ಕಡಿಮೆ ಖರ್ಚಿನ, ಬಡಪಾಯಿ ನಾಯಕನ ಬಾಕ್ಸಿಂಗ್ ಚಿತ್ರಗಳು ಪ್ರೇಕ್ಷಕನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಬೇಕಾದರೆ ಈ ಒಂದು ಚಿತ್ರವನ್ನು ಬಿಚ್ಚಿ ನೋಡಿದರೆ ಸಾಕು. ಆಮೇಲೆ ಬಂದವೆಲ್ಲ ಬಹುಮಟ್ಟಿಗೆ ಇದರ ಮರಿಗಳು.

ಕಥೆಯ ಬೀಜ ಒಂದು ನಿಜವಾದ ಪಂದ್ಯ. 1975ರ ಮಾರ್ಚ್ 24ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಮುಹಮ್ಮದ್ ಅಲಿಯ ಎದುರು ಚಕ್ ವೆಪ್ನರ್ ಎಂಬಾತ ರಿಂಗಿಗೆ ಇಳಿದ. ನ್ಯೂಜೆರ್ಸಿಯ ಬೇಯಾನ್ ಊರಿನವನು, ಮದ್ಯದ ಮಾರಾಟಗಾರನಾಗಿ ಹೊಟ್ಟೆ ಹೊರೆಯುತ್ತಿದ್ದವನು. ಮೂರು ನಾಲ್ಕು ರೌಂಡಿಗೆ ಮುಗಿಯುತ್ತದೆ ಎಂದುಕೊಂಡಿದ್ದ ಆಟದ ಒಂಬತ್ತನೇ ರೌಂಡಿನಲ್ಲಿ ಅಲಿ ನೆಲಕ್ಕೆ ಬಿದ್ದ. ತನ್ನ ಕಾಲು ತುಳಿದಿದ್ದರಿಂದ ಬಿದ್ದೆ ಎಂದು ಅಲಿ ಆಮೇಲೆ ಹೇಳಿದ, ಅದು ಬೇರೆ ಮಾತು. ಹದಿನೈದನೇ ರೌಂಡು ಮುಗಿಯಲು 19 ಸೆಕೆಂಡು ಬಾಕಿ ಇರುವಾಗ ರೆಫರಿ ಪಂದ್ಯ ನಿಲ್ಲಿಸಿದರು. ವೆಪ್ನರ್ ಸೋತ. ಇದನ್ನು ನೋಡಿದ ಸಿಲ್ವೆಸ್ಟರ್ ಸ್ಟಲೋನ್ ಎಂಬ, ಕೈಯಲ್ಲಿ ಕಾಸಿಲ್ಲದ ನಟ ಮೂರೂವರೆ ದಿನದಲ್ಲಿ ಚಿತ್ರಕಥೆಯ ಮೊದಲ ಕರಡು ಬರೆದ. ಕಥೆ ಕೊಳ್ಳಲು ಜನ ಬಂದರು, ಒಳ್ಳೆಯ ಬೆಲೆಯನ್ನೂ ಕಟ್ಟಿದರು. ನಾಯಕನ ಪಾತ್ರ ನನಗೇ ಕೊಟ್ಟರೆ ಮಾತ್ರ ಎಂದು ಅವನು ಪಟ್ಟು ಹಿಡಿದ.

ಸ್ಟಲೋನ್ ಮಾಡಿದ ಜಾಣತನ ಇರುವುದು ಪಂದ್ಯದ ಹಿಂದಿನ ರಾತ್ರಿಯ ದೃಶ್ಯದಲ್ಲಿ. ನಿದ್ದೆ ಬಾರದೆ ರಾಕಿ ಖಾಲಿ ಕ್ರೀಡಾಂಗಣಕ್ಕೆ ಹೋಗುತ್ತಾನೆ. ತೂಗುಹಾಕಿದ ದೊಡ್ಡ ಚಿತ್ರಪಟದಲ್ಲಿ ತನ್ನ ಚಡ್ಡಿಯ ಬಣ್ಣವೇ ತಪ್ಪಾಗಿದೆ ಎಂದು ಆಯೋಜಕನಿಗೆ ತೋರಿಸುತ್ತಾನೆ. ಅದೇನು ಮಹಾ ಎನ್ನುವ ಧಾಟಿಯಲ್ಲಿ ಉತ್ತರ ಬರುತ್ತದೆ. ಮನೆಗೆ ಬಂದು ಏಡ್ರಿಯನ್ ಪಕ್ಕ ಮಲಗಿ, ನಾನು ಅವನನ್ನು ಸೋಲಿಸಲಾರೆ ಎಂದು ಒಪ್ಪಿಕೊಳ್ಳುತ್ತಾನೆ. ಗೆಲುವು ಬೇಡ, ಹದಿನೈದು ರೌಂಡು ನಿಂತರೆ ಸಾಕು. ಹಾಗೆ ನಿಂತರೆ ನಾನು ಈ ಬೀದಿಯ ಇನ್ನೊಬ್ಬ ಕೆಲಸಕ್ಕೆ ಬಾರದವನಲ್ಲ ಎಂದು ನನಗೇ ಗೊತ್ತಾಗುತ್ತದೆ ಎನ್ನುವುದು ಅವನ ಲೆಕ್ಕ.

ಅಲ್ಲಿಗೆ ಗುರಿ ಬದಲಾಯಿತು. ಮರುದಿನ ಪ್ರೇಕ್ಷಕ ಅಂಕ ಎಣಿಸುವುದಿಲ್ಲ, ರೌಂಡು ಎಣಿಸುತ್ತಾನೆ. ಹದಿನಾಲ್ಕನೇ ರೌಂಡಿನಲ್ಲಿ ರಾಕಿ ಕುಸಿದು ಬೀಳುತ್ತಾನೆ. ಅವನ ಗುರು ಮಿಕಿಯೇ ಕೆಳಗಿನಿಂದ ಏಳಬೇಡ, ಬಿದ್ದಿರು ಎಂದು ಕೂಗುತ್ತಾನೆ. ಹಗ್ಗ ಹಿಡಿದುಕೊಂಡು ರಾಕಿ ಏಳುತ್ತಾನೆ. ಗೆದ್ದೆನೆಂದು ಕೈ ಎತ್ತಿದ್ದ ಅಪೋಲೊ ತಿರುಗಿ ನೋಡಿ, ಹೆಗಲು ಇಳಿಬಿಟ್ಟು ನಿಲ್ಲುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಮೆಚ್ಚುಗೆಯಾದ ಅಭಿನಯ ಅದು, ಮತ್ತು ಅದು ನಾಯಕನದಲ್ಲ, ಕಾರ್ಲ್ ವೆದರ್ಸ್‌ನದು. ಥಿಯೇಟರು ಎದ್ದು ಕೂಗುವುದು ಈ ಜಾಗದಲ್ಲಿ. ಆಮೇಲಿನ ತೀರ್ಪು ಯಾರಿಗೆ ಬೇಕು?

ಇನ್ನು ದುಡ್ಡಿನ ವಿಷಯ. ಚಿತ್ರದ ಖರ್ಚು ಸುಮಾರು 10 ಲಕ್ಷ ಡಾಲರ್, ಚಿತ್ರೀಕರಣ 28 ದಿನ. ಹಾಲಿವುಡ್ ಮಟ್ಟಿಗೆ ಇದು ಜುಜುಬಿ. ಬಡತನ ಪರದೆಯ ಮೇಲೆ ಕಾಣಬಾರದೆಂದು ಸಾಮಾನ್ಯವಾಗಿ ನಿರ್ಮಾಪಕರು ಒದ್ದಾಡುತ್ತಾರೆ. ನಿರ್ದೇಶಕ ಜಾನ್ ಆವಿಲ್ಡ್‌ಸನ್ ಅದನ್ನು ಕಥೆಯೊಳಕ್ಕೇ ಎಳೆದುಕೊಂಡರು. ಐಸ್ ಸ್ಕೇಟಿಂಗ್ ಅಂಗಳದಲ್ಲಿ ನೂರಾರು ಜನರ ನಡುವೆ ನಡೆಯಬೇಕಿದ್ದ ಪ್ರೇಮದ ದೃಶ್ಯಕ್ಕೆ ಅಷ್ಟು ಜನರನ್ನು ಕರೆಸಲು ಹಣವಿರಲಿಲ್ಲ. ಹಾಗಾಗಿ ಅಂಗಳ ಮುಚ್ಚಿದೆ, ರಾಕಿ ಕಾವಲಿನವನಿಗೆ ಹತ್ತು ಡಾಲರ್ ಕೊಟ್ಟು ಹತ್ತು ನಿಮಿಷ ಗಿಟ್ಟಿಸುತ್ತಾನೆ ಎಂದು ಬರೆದುಕೊಂಡರು. ಏಡ್ರಿಯನ್ ತಡವರಿಸುತ್ತ ಜಾರುತ್ತಾಳೆ, ರಾಕಿ ಬೂಟು ಕಾಲಲ್ಲೇ ಪಕ್ಕದಲ್ಲಿ ನಡೆಯುತ್ತಾನೆ, ಕಾವಲಿನವನು ಎಷ್ಟು ನಿಮಿಷ ಉಳಿಯಿತು ಎಂದು ಕೂಗಿ ಹೇಳುತ್ತಿರುತ್ತಾನೆ. ಜನ ಇದ್ದಿದ್ದರೆ ಆ ದೃಶ್ಯ ಅರ್ಧದಷ್ಟೂ ಚೆನ್ನಾಗಿರುತ್ತಿರಲಿಲ್ಲ. ರಿಂಗಿಗೆ ಬರುವಾಗ ತೊಡುವ ನಿಲುವಂಗಿ ದೊಗಳೆಯಾಗಿ ಬಂತು. ಬದಲಿಸುವ ಬದಲು, ಇದು ದೊಗಳೆಯಾಗಿಲ್ಲವೇ ಎಂದು ರಾಕಿಯ ಬಾಯಿಂದಲೇ ಕೇಳಿಸಿದರು. ಚಡ್ಡಿಯ ಬಣ್ಣದ ಮಾತು ಹುಟ್ಟಿದ್ದೂ ಇಂಥದೇ ಎಡವಟ್ಟಿನಿಂದ. ಚಿತ್ರದ ನಾಯಿ ಸ್ಟಲೋನ್‌ನದೇ, ಬೀದಿ ಮೂಲೆಯಲ್ಲಿ ಹಾಡುವವನು ಅವನ ತಮ್ಮ, ಪಂದ್ಯದ ಗಂಟೆ ಬಾರಿಸುವವನು ಅವನಪ್ಪ.

ಬೀದಿಯಲ್ಲಿ ಓಡುವ ದೃಶ್ಯಗಳಿಗೆ ಗ್ಯಾರೆಟ್ ಬ್ರೌನ್ ಕಂಡುಹಿಡಿದಿದ್ದ ಸ್ಟೆಡಿಕ್ಯಾಮ್ ಒದಗಿಬಂತು. ಕ್ಯಾಮೆರಾಮನ್ ಮೈಗೆ ಕಟ್ಟಿಕೊಂಡು ಓಡಿದರೂ ಚಿತ್ರ ಕುಲುಕದಂತೆ ಕಾಯುವ ಸಾಧನ ಇದು. ಹಳಿ ಹಾಕಿ ತಳ್ಳುವ ಗಾಡಿ ಬೇಡ, ಅದಕ್ಕೆ ಬೇಕಾದ ಜನವೂ ಬೇಡ. ಬ್ರೌನ್ ತನ್ನ ಸಾಧನದ ಮಾದರಿ ತುಣುಕಿನಲ್ಲಿ ಗೆಳತಿಯನ್ನು ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಮೆಟ್ಟಿಲ ಮೇಲೆ ಓಡಿಸಿದ್ದ. ಆ ಮೆಟ್ಟಿಲು ಎಲ್ಲಿವೆ ಎಂದು ಆವಿಲ್ಡ್‌ಸನ್ ವಿಚಾರಿಸಿದರು. ಹಾಗೆ ರಾಕಿಯೂ ಓಡಿ ಹತ್ತಿದ ಆ 72 ಮೆಟ್ಟಿಲು ಇಂದು ಪ್ರವಾಸಿ ತಾಣ. ಇಟಾಲಿಯನ್ ಮಾರುಕಟ್ಟೆಯಲ್ಲಿ ಓಡುವಾಗ ವ್ಯಾಪಾರಿಯೊಬ್ಬ ಕಿತ್ತಳೆ ಎಸೆಯುವುದು ಬರೆದ ದೃಶ್ಯವಲ್ಲ, ಅದು ತಾನಾಗಿ ನಡೆದದ್ದು. ದಾರಿಹೋಕರು ಬೆರಗಿನಿಂದ ನೋಡುವ ನೋಟವೂ ನಟನೆಯಲ್ಲ. ನಾಯಕ ಬಡವ ಎಂದು ಸಂಭಾಷಣೆಯಲ್ಲಿ ಹೇಳಿದರೆ ನಾವು ಕೇಳಿಸಿಕೊಳ್ಳುತ್ತೇವೆ ಅಷ್ಟೆ. ಚಿತ್ರವೇ ಬಡತನದಲ್ಲಿ ಆಗಿದ್ದರೆ ನಂಬುತ್ತೇವೆ.

ರಿಂಗಿನ ಒಳಗೆ ನಡೆಯುವುದು ಹೆಚ್ಚುಕಡಿಮೆ ನೃತ್ಯ. ಆವಿಲ್ಡ್‌ಸನ್ ಸೂಚನೆಯಂತೆ ಸ್ಟಲೋನ್ ಪ್ರತಿ ಗುದ್ದನ್ನೂ ಕಾಗದದ ಮೇಲೆ ಸಾಲಾಗಿ ಬರೆದ. ತಾಲೀಮನ್ನು ನಿರ್ದೇಶಕರು ಸೂಪರ್ 8 ಕ್ಯಾಮೆರಾದಲ್ಲಿ ಹಿಡಿದು, ಎಲ್ಲಿ ಸುಳ್ಳು ಕಾಣುತ್ತಿದೆ ಎಂದು ನಟರಿಬ್ಬರಿಗೂ ತೋರಿಸಿದರು. ಸಿನಿಮಾ ಗುದ್ದಿನ ಗುಟ್ಟು ಕ್ಯಾಮೆರಾ ನಿಲ್ಲುವ ಜಾಗದಲ್ಲಿದೆ. ಹೊಡೆಯುವವನ ಅಥವಾ ತಿನ್ನುವವನ ಬೆನ್ನ ಹಿಂದೆ ಕ್ಯಾಮೆರಾ ಇಟ್ಟರೆ ಮುಷ್ಟಿಗೂ ಗದ್ದಕ್ಕೂ ನಡುವಿನ ಗೇಣುದ್ದ ಅಂತರ ಕಾಣುವುದಿಲ್ಲ. ಪಕ್ಕದಿಂದ ಹಿಡಿದರೆ ಬಣ್ಣ ಬಯಲು. ಆ ಗುದ್ದನ್ನು ನಂಬಿಸುವುದು ಹೊಡೆದವನ ತೋಳಲ್ಲ, ತಿಂದವನ ಕತ್ತು. ತಲೆ ಅರೆಕ್ಷಣ ಬೇಗ ತಿರುಗಿದರೆ ಪ್ರೇಕ್ಷಕ ನಗುತ್ತಾನೆ. ಉಳಿದದ್ದು ಶಬ್ದ. ನಿಜವಾದ ಬಾಕ್ಸಿಂಗ್ ಗುದ್ದಿನ ಸದ್ದು ನಾವು ಅಂದುಕೊಂಡಷ್ಟು ಜೋರಾಗಿರುವುದಿಲ್ಲ, ಸಿನಿಮಾದ್ದು ಆಮೇಲೆ ಕೂಡಿಸಿದ್ದು. ಮಾರ್ಟಿನ್ ಸ್ಕಾರ್ಸೆಸಿಯ ‘ರೇಜಿಂಗ್ ಬುಲ್’ (1980) ಚಿತ್ರಕ್ಕೆ ಶಬ್ದ ಕೂಡಿಸಿದ ಫ್ರಾಂಕ್ ವಾರ್ನರ್ ಕರಬೂಜ ಒಡೆಯುವ ಸದ್ದಿನಂಥವನ್ನೆಲ್ಲ ಬಳಸಿ, ಕೆಲಸ ಮುಗಿದ ಮೇಲೆ ಆ ಧ್ವನಿಗಳು ಇನ್ನೊಬ್ಬರ ಕೈಗೆ ಸಿಗದಂತೆ ನಾಶಮಾಡಿದ. ಯಾವುದಾದರೂ ಬಾಕ್ಸಿಂಗ್ ಚಿತ್ರದ ಕೊನೆಯ ಪಂದ್ಯವನ್ನು ಮೊಬೈಲಿನಲ್ಲಿ ಸದ್ದು ತೆಗೆದು ನೋಡಿ, ಎಷ್ಟು ಗುದ್ದು ಗಾಳಿಗೆ ಹೋಗುತ್ತಿವೆ ಎಂದು ತಿಳಿಯುತ್ತದೆ.

ಇಷ್ಟೆಲ್ಲ ಕೃತಕ ಎಂದು ಗೊತ್ತಿದ್ದೂ ನಮ್ಮ ಹೆಗಲು ಬಿಗಿಯುತ್ತದೆ, ಮುಷ್ಟಿ ಕಟ್ಟುತ್ತದೆ. ಡಾಲ್ಫ್ ಜಿಲ್ಮನ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ಆತಂಕದಿಂದ ಏರಿದ ಎದೆಬಡಿತ, ಆತಂಕ ಕಳೆದ ತಕ್ಷಣ ಇಳಿಯುವುದಿಲ್ಲ. ಉಳಿದ ಆ ಕಾವು ಮುಂದಿನ ಭಾವಕ್ಕೆ ಹರಿದು ಅದನ್ನು ಹಿಗ್ಗಿಸುತ್ತದೆ. ಹಾಗಾಗಿ ನಾಯಕ ಎಷ್ಟು ಹೆಚ್ಚು ಹೊಡೆತ ತಿಂದರೆ ಅವನು ಎದ್ದಾಗ ಸಂತೋಷ ಅಷ್ಟು ಹೆಚ್ಚು. ಇದಕ್ಕೊಂದು ಷರತ್ತಿದೆ: ಮೊದಲು ಅವನ ಮೇಲೆ ಮನಸ್ಸು ಕೂತಿರಬೇಕು. ‘ರಾಕಿ’ಯಲ್ಲಿ ಮುಕ್ಕಾಲು ಭಾಗ ಬಾಕ್ಸಿಂಗೇ ಇಲ್ಲದಿರುವುದು ಅದಕ್ಕೆ. ಆಮೆ ಸಾಕುವುದು, ಹಸಿ ಮೊಟ್ಟೆ ಕುಡಿಯುವುದು, ಸಾಲ ವಸೂಲಿಗೆ ಹೋಗಿ ಸಾಲಗಾರನ ಬೆರಳು ಮುರಿಯದೆ ಬಿಟ್ಟು ಬರುವುದು, ಇವೇ ಮುಖ್ಯ. 2007ರಲ್ಲಿ ಜೋಸೆಫ್ ವ್ಯಾಂಡೆಲೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಇನ್ನೊಂದು ವಿಚಿತ್ರ ತೋರಿಸಿತು. ದುರ್ಬಲ ತಂಡ ಎಂದು ಮೊದಲೇ ಹೇಳಿದರೆ, ಅದೇ ಆಟದಲ್ಲಿ ಆ ತಂಡ ಹೆಚ್ಚು ಶ್ರಮ ಹಾಕುತ್ತಿರುವಂತೆ ನೋಡುವವರಿಗೆ ಕಾಣುತ್ತದೆ. ಬಲಿಷ್ಠನ ಬೆವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ ಎನ್ನುವುದನ್ನೂ ಹೇಳಬೇಕು. ಚಿತ್ರ ಅಮೆರಿಕದಲ್ಲೇ 11 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿತು. ‘ಟ್ಯಾಕ್ಸಿ ಡ್ರೈವರ್’, ‘ನೆಟ್‌ವರ್ಕ್’ಗಳನ್ನು ಹಿಂದಿಕ್ಕಿ ಶ್ರೇಷ್ಠ ಚಿತ್ರದ ಆಸ್ಕರ್ ಪಡೆಯಿತು. ಆದರೆ ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿಗೆ ಅದು ರುಚಿಸಿರಲಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪ ಮೈಬಣ್ಣದ್ದು. ಅಪೋಲೊ ಪಾತ್ರದಲ್ಲಿ ಅಲಿಯ ನೆರಳು ಸ್ಪಷ್ಟ. ಹೊರಗಿನ ಜಗತ್ತಿನಲ್ಲಿ ತುಳಿತಕ್ಕೆ ಸಿಕ್ಕಿದ್ದ ಕರಿಯರ ಸಮುದಾಯದ ಒಬ್ಬ ಮೇಲೆ ಬಂದರೆ, ಸಿನಿಮಾದಲ್ಲಿ ಅವನು ಬಲಿಷ್ಠ, ಬಿಳಿಯನೇ ಬಡಪಾಯಿ. 1979ರಲ್ಲಿ ವಿಮರ್ಶಕ ರೋಜರ್ ಈಬರ್ಟ್ ಜೊತೆ ಎರಡನೇ ‘ರಾಕಿ’ ನೋಡಿದ ಅಲಿ, ಕರಿಯನನ್ನು ಮೇಲಾಗಿ ತೋರಿಸುವುದು ಅಮೆರಿಕದ ಪಾಠಕ್ಕೆ ಹೊಂದುವುದಿಲ್ಲ ಎಂಬರ್ಥದ ಮಾತಾಡಿದ. ಅದಕ್ಕೆ ಉತ್ತರ ಬರಲು 2015ರವರೆಗೆ ಕಾಯಬೇಕಾಯಿತು. ಆ ವರ್ಷ ರಯಾನ್ ಕೂಗ್ಲರ್ ಅಪೋಲೊನ ಮಗನನ್ನೇ ನಾಯಕನಾಗಿಸಿ ‘ಕ್ರೀಡ್’ ಮಾಡಿದರು, ರಾಕಿಯನ್ನು ಮುದಿ ಗುರುವಿನ ಸ್ಥಾನದಲ್ಲಿ ಕೂರಿಸಿದರು.

ನಮ್ಮ ಕಡೆ ಈ ಬಗೆಯ ಚಿತ್ರಕ್ಕೆ ಒಂದು ತೊಡಕಿದೆ. ‘ಪೈಲ್ವಾನ್’ (2019) ಚಿತ್ರದಲ್ಲಿ ಸುದೀಪ್ ಕುಸ್ತಿ ಅಖಾಡದಿಂದ ಬಾಕ್ಸಿಂಗ್ ರಿಂಗಿಗೆ ಬರುತ್ತಾರೆ. ಮೈ ಹುರಿಗೊಳಿಸಿಕೊಂಡ ಶ್ರಮ ಕಾಣುತ್ತದೆ, ನಿಜ. ಆದರೆ ಕಟೌಟಿಗೆ ಹಾಲೆರೆದು ಒಳಗೆ ಬಂದವನು ಸುದೀಪ್ ಸೋತಾರು ಎಂದು ಒಂದು ಕ್ಷಣವಾದರೂ ಹೆದರುತ್ತಾನೆಯೇ? ಭಯವಿಲ್ಲದಿದ್ದರೆ ಕಾವು ಏರುವುದಿಲ್ಲ. ಸ್ಟಲೋನ್‌ಗೆ ಆಗ ಹೆಸರಿರಲಿಲ್ಲ ಎನ್ನುವುದೇ ಅವನ ಬಂಡವಾಳ. ತಮಿಳಿನಲ್ಲಿ ಸುಧಾ ಕೊಂಗರ ‘ಇರುದಿ ಸುಟ್ರು’ವಿಗೆ (2016) ನಟಿಯನ್ನು ಹುಡುಕದೆ, ನಿಜವಾಗಿಯೂ ಕಿಕ್‌ಬಾಕ್ಸಿಂಗ್ ಆಡುತ್ತಿದ್ದ ರಿತಿಕಾ ಸಿಂಗ್‌ರನ್ನು ತಂದರು. ಹಿಂದಿಯಲ್ಲಿ ವಿನೀತ್ ಕುಮಾರ್ ಸಿಂಗ್ ಬಾಕ್ಸರ್ ಒಬ್ಬನ ಕಥೆ ಹಿಡಿದುಕೊಂಡು ವರ್ಷಗಟ್ಟಲೆ ಅಲೆದರು. ಅವರದೂ ಸ್ಟಲೋನ್‌ನ ಹಟವೇ, ನಾಯಕ ನಾನೇ ಆಗಬೇಕು. ಕೊನೆಗೆ ಅನುರಾಗ್ ಕಶ್ಯಪ್ ಒಪ್ಪಿ 2018ರಲ್ಲಿ ‘ಮುಕ್ಕಾಬಾಜ್’ ಬಂತು.

‘ಮುಕ್ಕಾಬಾಜ್’ ನೋಡಿದವರು ‘ರಾಕಿ’ ನೋಡಿದವರಂತೆ ಕುಣಿಯುತ್ತ ಹೊರಬರಲಿಲ್ಲ, ಗಳಿಕೆಯೂ ಆ ಮಟ್ಟದ್ದಲ್ಲ. ಅದಕ್ಕೆ ಕಾರಣ ಚಿತ್ರದ ದೋಷವಲ್ಲ ಎಂದು ನನ್ನ ಅನಿಸಿಕೆ. ಅದರ ನಾಯಕ, ಬರೇಲಿಯ ಶ್ರವಣ್‌ನ ನಿಜವಾದ ಎದುರಾಳಿ ಗ್ಲೌಸು ಹಾಕಿಕೊಂಡವನಲ್ಲ, ಜಾತಿಯ ಬಲದ ಮೇಲೆ ಬಾಕ್ಸಿಂಗ್ ಸಂಘವನ್ನು ಮುಷ್ಟಿಯಲ್ಲಿ ಇಟ್ಟುಕೊಂಡ ಭಗವಾನ್ ದಾಸ್. ಪಂದ್ಯಕ್ಕೆ ಹೆಸರು ಸೇರಿಸುವವನೂ ತೆಗೆಯುವವನೂ ಅವನೇ. ಇಂಥವನ ಎದುರು ಹದಿನೈದು ರೌಂಡು ನಿಂತರೂ ಗಂಟೆ ಬಾರಿಸುವವರು ಯಾರೂ ಇಲ್ಲ. ರಿಂಗಿನಲ್ಲಿ ಎಷ್ಟು ಚೆನ್ನಾಗಿ ಗುದ್ದಿದರೂ ಅವನ ಕುರ್ಚಿ ಅಲ್ಲಾಡದು ಎಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು.