ವಾರಾನ್ನದ ಊರಿನ ಬಂಗಾರದ ಪದಕ

ಭಾನುವಾರ ಬೆಳಿಗ್ಗೆ ಕೃಷ್ಣರಾಜ ಬುಲೆವಾರ್ಡಿನ ಮರಗಳ ಕೆಳಗೆ ಹೊರಊರಿನ ಕಾರುಗಳು ಸಾಲುಗಟ್ಟಿದರೆ ಮೈಸೂರಿನವರಿಗೆ ಬೇರೆ ಹೇಳಬೇಕಿಲ್ಲ: ಮಹಾರಾಜ ಕಾಲೇಜಿನಲ್ಲಿ ಯಾವುದೋ ಬ್ಯಾಚಿನವರ ಗುರುವಂದನೆ. ಬಾಗಿಲಲ್ಲೇ ಉಪ್ಪಿಟ್ಟು, ಕೇಸರಿಬಾತಿನ ವಾಸನೆ. ನಿವೃತ್ತ ತಹಶೀಲ್ದಾರರೊಬ್ಬರನ್ನು ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ಮಕ್ಕಳ ಎದುರೇ "ಏನಲೇ, ಇನ್ನೂ ಇದ್ದೀಯೇನೋ?" ಎಂದು ತಬ್ಬಿಕೊಳ್ಳುತ್ತಾರೆ. ಸೊಸೆಯಂದಿರಿಗೆ ಮಾವನವರ ಈ ಅವತಾರ ಹೊಸದು. ಮೊಮ್ಮಕ್ಕಳನ್ನು ಕೈಹಿಡಿದು ಜೂನಿಯರ್ ಬಿ.ಎ. ಹಾಲಿಗೆ ಕರೆದೊಯ್ದು, "ಇಲ್ಲಿ ಕುವೆಂಪು ಪಾಠ ಮಾಡ್ತಿದ್ರು, ರಾಧಾಕೃಷ್ಣನ್ ಇದೇ ಕಾಲೇಜಲ್ಲಿದ್ರು" ಎನ್ನುವವರುಂಟು. ಮೊಮ್ಮಕ್ಕಳ ಕಣ್ಣು ಕೇಸರಿಬಾತಿನ ಕಡೆಗೆ.

ವೇದಿಕೆಯ ಮೇಲೆ ಎಂಬತ್ತು ದಾಟಿದ ಗುರುಗಳು ಮೈಸೂರು ಪೇಟದ ಭಾರಕ್ಕೆ ಕತ್ತು ಬಾಗಿಸಿ ಕೂತಿರುತ್ತಾರೆ. ಮಡಿಲಲ್ಲಿ ಶಾಲು, ಅದರ ಮೇಲೆ ಹಣ್ಣಿನ ಬುಟ್ಟಿ. ಶಿಷ್ಯರ ಹೆಸರು ಮರೆತುಹೋಗಿದೆ. ಯಾರು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರೆಂಬುದು ಮರೆತಿಲ್ಲ. ಆಮೇಲೆ ಕೊಡುಗೆಗಳ ಘೋಷಣೆ. ಕುಡಿಯುವ ನೀರಿನ ಯಂತ್ರ, ಪ್ರೊಜೆಕ್ಟರು, ಹತ್ತಾರು ಬೆಂಚು. ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಬ್ಯಾಚಿನ ಇಸವಿ. ಕೊಡುವವರ ಮುಖದಲ್ಲಿ ಕಾಣುವ ಸಂಕೋಚ ಮಾತ್ರ ನಿಜವಾದದ್ದು.

ಇದೇ ರಸ್ತೆಯಲ್ಲಿ ಕೂಗಳತೆಯ ದೂರಕ್ಕೆ ಕ್ರಾಫರ್ಡ್ ಭವನ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಆಡಳಿತವೆಲ್ಲ ಅಲ್ಲಿ. ಘಟಿಕೋತ್ಸವದ ದಿನ ಪದಕ ಪಡೆದವರ ಹೆಸರು ಕೂಗುವಾಗ ಕಿವಿಗೊಟ್ಟು ಕೇಳಬೇಕು. ಹುಡುಗಿಯ ಹೆಸರು ಒಂದೇ, ಅವಳ ಹೆಸರಿನ ಹಿಂದೆ ಬರುವ ಪದಕಗಳ ಹೆಸರು ಹತ್ತು: ಯಾರದೋ ತಾಯಿ, ಯಾರದೋ ತೀರಿಹೋದ ಮಗ, ಊರಿಗೆಲ್ಲ ಬೇಕಾಗಿದ್ದ ಒಬ್ಬ ಪ್ರಾಧ್ಯಾಪಕ. ಒಂದೊಂದರ ಹಿಂದೆಯೂ ಒಂದು ಮನೆಯ ಅಳು ಇದೆ. ಅಪ್ಪನ ಗಳಿಕೆ ರಜೆಯ ಹಣವನ್ನೋ ಅಮ್ಮನ ಬಳೆ ಮಾರಿದ ದುಡ್ಡನ್ನೋ ತಂದು ದತ್ತಿನಿಧಿಗೆ ಕಟ್ಟಿದ ಸಂಸಾರಗಳ ನೆನಪು ಹೀಗೆ ವರ್ಷಕ್ಕೊಮ್ಮೆ ಮೈಕಿನಲ್ಲಿ ಕೇಳಿಸುತ್ತದೆ. ಆದರೆ ಲೆಕ್ಕ ಲೆಕ್ಕವೇ. ಐವತ್ತು ವರ್ಷದ ಹಿಂದೆ ಸಾವಿರ ರೂಪಾಯಿ ದೊಡ್ಡ ಇಡುಗಂಟು. ಇಂದು ಅದರ ವರ್ಷದ ಬಡ್ಡಿ ಎಪ್ಪತ್ತು ರೂಪಾಯಿ ಆದರೆ ಹೆಚ್ಚು. ಆ ಬಡ್ಡಿಯಲ್ಲಿ ಚಿನ್ನವಿರಲಿ, ಪದಕದ ಡಬ್ಬಿಯೂ ಬರುವುದಿಲ್ಲ.

ಹೆಸರಿಲ್ಲದೆ ಕೊಟ್ಟವರೂ ಇದೇ ರಸ್ತೆಯಲ್ಲಿ ಬಂದು ಹೋಗಿದ್ದಾರೆ. 1891ರಲ್ಲಿ ಆರಂಭವಾದ ಓರಿಯಂಟಲ್ ಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದೊಪ್ಪಿಸಿದರು. ಅಲ್ಲಿನ ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಅಚ್ಚಾಯಿತು. ಶಾಸ್ತ್ರಿಗಳ ಹೆಸರನ್ನು ಜಗತ್ತು ಬಲ್ಲದು, ಕಟ್ಟು ತಂದವರ ಹೆಸರಿನಲ್ಲಿ ಒಂದು ಪದಕವೂ ಇಲ್ಲ.

ಮೈಸೂರಿನ ಹಳೆಯ ದತ್ತಿ ಎಂದರೆ ಅನ್ನ. ಅಗ್ರಹಾರದಿಂದ ಕೃಷ್ಣಮೂರ್ತಿಪುರದವರೆಗೆ ಹುಡುಗರು ಏಳು ಮನೆ ಹಿಡಿದು ವಾರಾನ್ನ ಉಂಡು ಓದಿದರು. ಸೋಮವಾರ ವಕೀಲರ ಮನೆ, ಮಂಗಳವಾರ ಗುಮಾಸ್ತರ ಮನೆ. ಒಂದು ಮನೆ ತಪ್ಪಿತೆಂದರೆ ಆ ದಿನ ಕೊಳಾಯಿ ನೀರೇ ಗತಿ. ಈ ಊಟಕ್ಕೆ ಜಾತಿಯ ಬೇಲಿಯಿತ್ತು ಎಂಬುದನ್ನು ಮರೆಮಾಚಬಾರದು. ಅನ್ನ ಹಾಕಿದ ಕೆಲವು ಕೈಗಳು ಅವಮಾನವನ್ನೂ ಬಡಿಸಿದವು. ಮರಿಮಲ್ಲಪ್ಪ ಶಾಲೆಯ ಹೆಡ್ಮಾಸ್ತರರಾಗಿದ್ದ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ಹುಡುಗರಿಗಾಗಿ ಅನಾಥಾಲಯ ಕಟ್ಟಿದರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ದವಸಕ್ಕೆ ದುಡ್ಡಿಲ್ಲದಾಗ ತಮ್ಮ ಬಂಗಾರದ ಕರಡಿಗೆಯನ್ನೇ ಮಾರಿದರೆಂದು ಈ ಸೀಮೆಯವರು ಇಂದಿಗೂ ಹೇಳುತ್ತಾರೆ. ವಾರಾನ್ನದ ದಿನಗಳನ್ನು ಆತ್ಮಕಥೆ 'ಭಿತ್ತಿ'ಯಲ್ಲಿ ಬಿಚ್ಚಿಟ್ಟ ಎಸ್.ಎಲ್. ಭೈರಪ್ಪನವರು ಎಂ.ಎ. ತತ್ವಶಾಸ್ತ್ರದಲ್ಲಿ ಇದೇ ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದವರು. ಪದಕಕ್ಕೆ ಮೊದಲು ಯಾರೋ ಊಟ ಹಾಕಿದ್ದರು.

ಈಗಲೂ ಬೆಳಿಗ್ಗೆ ಏಳೂವರೆಗೆ ಸಬರ್ಬನ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೆ.ಆರ್. ನಗರದ ಬಸ್ಸುಗಳಿಂದ ಹುಡುಗ ಹುಡುಗಿಯರು ಇಳಿಯುತ್ತಾರೆ. ಐದೂವರೆಗೆ ಮನೆ ಬಿಟ್ಟವರು; ಡಬ್ಬಿ ತಂದವರಿಗಿಂತ ತರದವರೇ ಹೆಚ್ಚು. ಮಧ್ಯಾಹ್ನ ಒಂದು ಟೀ, ಎರಡು ಬನ್ನು. ಹಾಸ್ಟೆಲಿನಲ್ಲಿ ಸೀಟು ಸಿಗದವರು ನಾಲ್ವರು ಸೇರಿ ಕೋಣೆ ಹಿಡಿದು ಸರದಿಯಲ್ಲಿ ಅನ್ನ ಬೇಯಿಸುತ್ತಾರೆ. ರ್‍ಯಾಂಕ್ ಬರುವವರು ಇವರಲ್ಲೂ ಇದ್ದಾರೆ. ಪಾಸಾದರೆ ಸಾಕೆನ್ನುವವರೇ ಬಹಳ. ಹತ್ತು ಪದಕದ ಹುಡುಗಿಗೆ ಹನ್ನೊಂದನೆಯದು ಕೊಡಲು ಸಂಸಾರಗಳು ಮುಂದೆ ಬರುತ್ತವೆ, ಪಾಸಾಗುವವನ ಮೆಸ್ ಬಿಲ್ಲಿಗೆ ಯಾರೂ ಬರುವುದಿಲ್ಲ. ನನಗೆ ಇದು ತಪ್ಪು ಲೆಕ್ಕವಾಗಿಯೇ ಕಾಣುತ್ತದೆ.

ಆದ್ದರಿಂದ, ಅಪ್ಪನ ಹೆಸರಿನಲ್ಲಿ ಏನಾದರೂ ಕೊಡಬೇಕೆಂದು ಹೊರಟಿರುವವರಲ್ಲಿ ಒಂದು ಕೋರಿಕೆ. ದತ್ತಿಪತ್ರಕ್ಕೆ ಸಹಿ ಹಾಕುವ ಮುಂಚೆ ಪ್ರಿನ್ಸಿಪಾಲರ ಕೋಣೆಯಲ್ಲಿ ಅರ್ಧ ಗಂಟೆ ಕೂತು, ಈ ವರ್ಷ ಫೀಸು ಕಟ್ಟಲಾಗದೆ ಓದು ಬಿಟ್ಟವರು ಎಷ್ಟು ಮಂದಿ, ಮಧ್ಯಾಹ್ನ ಊಟವಿಲ್ಲದೆ ಕೂರುವವರು ಎಷ್ಟು ಮಂದಿ ಎಂದು ಕೇಳಿ. ನಿಮ್ಮ ದತ್ತಿ ಅವರ ಊಟಕ್ಕೂ ಫೀಸಿಗೂ ಸಲ್ಲುವ ಹಾಗೆ ಬರೆಸಿ.